ಜಬಲ್ ಅಖ್ದರಿನ ಮೇಲೆ ಮಂಜನ ಗಿಡ

ಅಕ್ಕಿಹೆಬ್ಬಾಳು

ಫಾರಿನ್ನಿಗೆ ಹೋಗಿ ಬಂದವನನ್ನು ನಮ್ಮ ಕಡೆ ಮೊದಲು ಕೇಳುವುದು, ಏನು ತಂದೆ ಅಂತ. ಆಮೇಲೆ, ಊಟಕ್ಕೆ ಏನು ಮಾಡಿದಿರಿ ಅಂತ. ನಾಗಮಂಗಲದಲ್ಲಿ ನಾನು ಪಾಠ ಮಾಡುವ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಈ ಎರಡು ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯಲು ಕುಳಿತಿದ್ದೇನೆ. ಏನೂ ತರಲಿಲ್ಲ. ಸೆಂಟು ಇಲ್ಲ, ಟೇಪ್ ರೆಕಾರ್ಡರು ಇಲ್ಲ. ಖರ್ಜೂರದ ಒಂದು ಡಬ್ಬಿ ಇತ್ತು, ಅದನ್ನು ಬೊಂಬಾಯಿಯ ವಿಮಾನ ನಿಲ್ದಾಣದ ಬೆಂಚಿನ ಮೇಲೆ ಮರೆತು ಬಂದೆ.

ನಾವು ಹೋದದ್ದು ಒಮಾನ್ ದೇಶಕ್ಕೆ. ನಾವು ಎಂದರೆ ನಾನು ಮತ್ತು ನನ್ನ ಅಕ್ಕ ಜಯಮ್ಮ. ಸಮುದ್ರ ನೋಡಲಿಕ್ಕಲ್ಲ, ಅರಮನೆ ನೋಡಲಿಕ್ಕಲ್ಲ. ಅಕ್ಕನ ಒಬ್ಬನೇ ಮಗ ಮಂಜ ಅಲ್ಲಿ ಕೆಲಸಕ್ಕಿದ್ದ. ಅವನು ಸತ್ತು ವರ್ಷವಾಗಿತ್ತು. ಅವನಿದ್ದ ಜಾಗವನ್ನು ಒಮ್ಮೆ ಕಣ್ಣಲ್ಲಿ ಕಾಣಬೇಕು ಎಂದು ಅಕ್ಕ ಹಠ ಹಿಡಿದಿದ್ದಳು.

ಮಂಜ ಊರಿನಲ್ಲಿ ಟ್ರಾಕ್ಟರು ಓಡಿಸುತ್ತಿದ್ದ. ಪಾಂಡವಪುರದ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ಕಾಗಿದ್ದ ಶ್ರೀರಂಗಪಟ್ಟಣದ ಯೂಸುಫ್ ಎಂಬುವನ ಸ್ನೇಹವಾಗಿ, ಇಬ್ಬರೂ ಕೂಡಿ ಒಮಾನಿಗೆ ಹೋದರು. ಅಲ್ಲಿ ಬೆಟ್ಟದ ಮೇಲಿನ ಒಂದು ಶಿಬಿರಕ್ಕೆ ನೀರಿನ ಟ್ಯಾಂಕರು ಓಡಿಸುವುದು ಮಂಜನ ಕೆಲಸ, ಆ ಶಿಬಿರದ ಗಾಡಿಗಳನ್ನು ಮಸ್ಕತ್ತಿನ ಗ್ಯಾರೇಜಿನಲ್ಲಿ ರಿಪೇರಿ ಮಾಡುವುದು ಯೂಸುಫನದು. ಆ ದೇಶದ ಹೊಳೆಗಳಲ್ಲಿ ವರ್ಷವೆಲ್ಲ ಬರೀ ಕಲ್ಲು. ಒಂದು ಮಧ್ಯಾಹ್ನ ಅಂಥದೊಂದು ಒಣಹೊಳೆಯನ್ನು ಅವನು ದಾಟುತ್ತಿದ್ದಾಗ, ಮೇಲೆಲ್ಲೋ ಬಿದ್ದ ಮಳೆ ಒಂದೇ ಸಲಕ್ಕೆ ಇಳಿದು ಬಂದು ಟ್ಯಾಂಕರನ್ನೂ ಅವನನ್ನೂ ಎಳೆದುಕೊಂಡು ಹೋಯಿತು. ಹೇಮಾವತಿಯಲ್ಲಿ ಈಜಿ ಬೆಳೆದ ಹುಡುಗ. ನೀರೇ ಇಲ್ಲದ ದೇಶದಲ್ಲಿ ನೀರಿಗೆ ಹೋದನಂತೆ ಎಂದು ಜನ ಸೋಜಿಗಪಟ್ಟು ಆಡಿಕೊಳ್ಳುವುದನ್ನು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪೆಟ್ಟಿಗೆಯಲ್ಲಿ ಬಂದ. ತೆಗೆಯಬೇಡಿ ಎಂದು ತಂದವರು ಹೇಳಿದರು. ಹಾಗೆಯೇ ಹೊಲದಲ್ಲಿ ಮಣ್ಣು ಮಾಡಿದೆವು, ಮೂರನೆಯ ದಿನ ಹಾಲು ತುಪ್ಪ ಬಿಟ್ಟೆವು. ಅಕ್ಕ ಅಳಲಿಲ್ಲ. "ಮಕ ನೋಡ್ದೆ ಎಂಗ್ಲಾ ಅಳದು, ಅದ್ರೊಳಗೆ ಯಾರವ್ರೋ ಏನೋ" ಎಂದಳು. ಅವಳ ಗಂಡ ಬಲು ಹಿಂದೆಯೇ ತೀರಿಕೊಂಡಿದ್ದ. ಗದ್ದೆ, ಎರಡು ಹಸು, ಡೇರಿಗೆ ಹಾಲು ಹಾಕುವುದು, ಇಷ್ಟರಲ್ಲಿ ಅವಳ ವರ್ಷ ಕಳೆಯಿತು. ಆಗ ಯೂಸುಫ್ ರಜೆಗೆ ಬಂದವನು ಅಕ್ಕಿಹೆಬ್ಬಾಳಿಗೂ ಬಂದ. ಜಗುಲಿಯ ಮೇಲೆ ಕೂತಿದ್ದು, ಎದ್ದು ಹೊರಡುವಾಗ ಒಂದು ಮಾತು ಆಡಿದ. ಬೆಟ್ಟದ ಮೇಲೆ ಮಂಜನದು ಅಂತ ಒಂದು ಗಿಡ ಇದೆ, ಇನ್ನೂ ಚೆನ್ನಾಗಿದೆ.

ಅಕ್ಕ ಅವತ್ತೇ ನನ್ನ ಹತ್ತಿರ ಬಂದಳು. "ಅವ್ನು ಕೈಯಾರ ಮುಟ್ಟಿದ್ದು ಒಂದಾದ್ರೂ ಉಸ್ರಾಡ್ತಾ ಇರಾದ ನೋಡ್ಬೇಕು ಕಣ್ಲಾ ಶಿವಣ್ಣ. ಅಷ್ಟು ನೋಡ್ಬುಟ್ರೆ ಸಾಕು ನಂಗೆ."

ಬೆಳ್ಳೂರು ಕ್ರಾಸ್

ಪಾಸ್‌ಪೋರ್ಟು, ವೀಸಾ ಎಂದು ಎಷ್ಟು ಅಲೆದೆವು ಎಂಬುದನ್ನು ಬರೆಯುವುದಿಲ್ಲ. ಅಲೆದವರಿಗೆ ಗೊತ್ತಿದೆ, ಅಲೆಯದವರು ಪುಣ್ಯವಂತರು. ಯೂಸುಫ್ ಬೆಟ್ಟದ ಶಿಬಿರ ನಡೆಸುವ ತನ್ನ ಸಾಹೇಬರ ಕೈಕಾಲು ಹಿಡಿದು ವೀಸಾ ಮಾಡಿಸಿದ.

ಬೆಳ್ಳೂರು ಕ್ರಾಸಿನಲ್ಲಿ ಬೆಂಗಳೂರಿನ ಬಸ್ಸು ಕಾಯುತ್ತ ಹೋಟೆಲಿನಲ್ಲಿ ಇಡ್ಲಿ ತಿಂದೆವು. ನಮ್ಮಿಬ್ಬರ ಹುಟ್ಟೂರು ಅಲ್ಲಿಗೆ ಹತ್ತಿರ. ಮಳೆ ನಂಬಿದ ಹೊಲ, ಕಲ್ಲುಗುಡ್ಡ, ಗುಡ್ಡದ ತುಂಬ ಬಂದರೆ ಗಿಡ. ಚಿಕ್ಕವರಿದ್ದಾಗ ಶಾಲೆ ಬಿಟ್ಟ ಕೂಡಲೇ ನಾವು ಗುಡ್ಡ ಹತ್ತಿ ಆ ಬಂದರೆ ಕಡಿದು ಹೊರೆ ಕಟ್ಟಿ ತರಬೇಕಿತ್ತು. ಒಲೆಗೆ ಅದೇ, ಕಣ ಗುಡಿಸುವ ಪೊರಕೆಗೆ ಅದೇ. ದನ ಆಡು ಯಾವುದೂ ಬಾಯಿ ಹಾಕದ ಗಿಡ, ಆದ್ದರಿಂದ ಎಷ್ಟು ಕಡಿದರೂ ಕೇಳುವವರಿರಲಿಲ್ಲ. ಅಕ್ಕ ನನಗಿಂತ ಚುರುಕು. ನಾನು ಒಂದು ಹಿಡಿ ಕಡಿಯುವಷ್ಟರಲ್ಲಿ ಅವಳ ಹೊರೆ ಕಟ್ಟಿ ಮುಗಿದಿರುತ್ತಿತ್ತು. ಮದುವೆಯಾಗಿ ಹೊಳೆ ದಡಕ್ಕೆ ಹೋದ ಮೇಲೆ ಅವಳು ಪೂರಾ ನೀರಾವರಿಯವಳಾದಳು. ಅವಳ ಹಿತ್ತಲಿನಲ್ಲಿ ಒಂದು ಬದನೆ ಗಿಡದ ಬುಡದಲ್ಲೂ ಕಳೆ ಇರಕೂಡದು. ಪಾತಿ ಮಾಡಿ, ಬುಡ ಸಡಿಲಿಸಿ, ನೀರು ಬಿಟ್ಟು, ಆಮೇಲೆಯೇ ಅವಳ ಕಾಫಿ.

ಹೋಟೆಲಿನಲ್ಲಿ ಅವಳ ಗಂಟು ಬಿಚ್ಚಿ ನೋಡಿದೆ. ರಾಗಿ ಹಿಟ್ಟು, ಉಪ್ಪಿನಕಾಯಿ, ಕುಂಕುಮ, ಒಂದು ಪ್ಲಾಸ್ಟಿಕ್ ಬಾಟ್ಲಿ ತುಂಬ ನೀರು.

"ಇದ್ಯಾಕಕ್ಕ, ಅಲ್ಲಿ ನೀರು ಸಿಗಲ್ವಾ?"

"ಹೇಮಾವತಿ ನೀರು ಕಣ್ಲಾ. ಆ ಗಿಡಕ್ಕೆ."

ನಾನು ಗಂಟು ಕಟ್ಟಿಟ್ಟೆ.

ಮಸ್ಕತ್

ಮಸ್ಕತ್ತಿನಲ್ಲಿ ನನಗೆ ಮೊದಲು ಕಂಡದ್ದು ಚೊಕ್ಕಟತನ. ನಮ್ಮ ಊರಿನ ಬಸ್‌ಸ್ಟ್ಯಾಂಡು ನೋಡಿ ಬೆಳೆದ ಕಣ್ಣಿಗೆ ಅದು ಒಂದು ಬಗೆಯ ಕಾಯಿಲೆಯ ಹಾಗೆ ಕಂಡಿತು. ಕಾರು ಕೊಳೆಯಾಗಿದ್ದರೆ ಪೊಲೀಸರು ಹಿಡಿಯುತ್ತಾರಂತೆ. ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಅಕ್ಕನ ರಾಗಿ ಹಿಟ್ಟಿನೊಳಗೆ ಬೆರಳು ಅದ್ದಿ, ಮೂಸಿ, ನಾಲಗೆಯ ತುದಿಗೆ ಇಟ್ಟುಕೊಂಡು, ಇನ್ನೊಬ್ಬನನ್ನು ಕರೆದ. ಅವನೂ ಇಟ್ಟುಕೊಂಡ. ಇಬ್ಬರೂ ಮುಖ ಹಿಂಡಿ ನಮ್ಮನ್ನು ಬಿಟ್ಟರು. ನಮ್ಮ ಅನ್ನದ ರುಚಿ ನೋಡಿ ಅಷ್ಟು ಬೇಗ ಕೈಬಿಟ್ಟದ್ದಕ್ಕೆ ನನಗೆ ಸ್ವಲ್ಪ ಅವಮಾನವೇ ಆಯಿತು.

ಯೂಸುಫನ ರೂಮಿನಲ್ಲಿ ಆರು ಜನ ಮಲಯಾಳಿಗಳು, ಇವನೊಬ್ಬ ಕನ್ನಡದವನು. ಅವರೆಲ್ಲ ಅಕ್ಕನಿಗಾಗಿ ಆ ಕೋಣೆ ಖಾಲಿ ಮಾಡಿಕೊಟ್ಟು ವರಾಂಡದಲ್ಲಿ ಮಲಗಿದರು. ಬೆಳಗ್ಗೆ ಎದ್ದ ಅಕ್ಕ ತನ್ನ ಸೀರೆ ಒಗೆದು ಬಾಲ್ಕನಿಯಿಂದ ಕೆಳಕ್ಕೆ ಇಳಿಬಿಟ್ಟಳು. ಕಾವಲುಗಾರ ಓಡಿ ಬಂದ. ಬೀದಿಗೆ ಕಾಣುವ ಹಾಗೆ ಬಟ್ಟೆ ಒಣಗಿಸಕೂಡದಂತೆ. "ಅಂಗಾರೆ ಇವ್ರು ಬಟ್ಟೆ ಎಲ್ ಒಣಗಾಕ್ತರೆ, ಒಟ್ಟೆಲಿ ಮಡಿಕ್ಕತರಾ?" ಎಂದು ಅಕ್ಕ ಕೇಳಿದಳು. ಯೂಸುಫ್ ಅದನ್ನು ಹಿಂದಿಗೆ ಮಾಡಿ ಹೇಳಿದಾಗ ಕಾವಲುಗಾರನೂ ನಕ್ಕುಬಿಟ್ಟ. ಆ ಇಡೀ ಪ್ರವಾಸದಲ್ಲಿ ನಕ್ಕದ್ದು ಅಷ್ಟೇ.

ಅಂದು ಮಧ್ಯಾಹ್ನ ಅಕ್ಕ ಮುದ್ದೆ ತಿರುವಿದಳು. ಯೂಸುಫ್ ಒಂದು ಮುದ್ದೆ ಉಂಡು, ಇನ್ನೊಂದನ್ನು ತಟ್ಟೆಗೆ ಹಾಕಿಸಿಕೊಂಡು, ಅದನ್ನು ಮುರಿಯದೆ ಕೂತ. "ಮಂಜ ಇದ್ದಿದ್ರೆ ಇದು ಅವ್ನ್ದು ಅಮ್ಮ" ಎಂದ. ಅಕ್ಕ ಸಾರು ಬಡಿಸಿದಳು.

ಬೆಟ್ಟದ ದಾರಿ

ಜಬಲ್ ಅಖ್ದರ್ ಎಂದರೆ ಹಸಿರು ಬೆಟ್ಟ ಎಂದರ್ಥವಂತೆ. ಹೆಸರಿಟ್ಟವನು ಸಮುದ್ರದ ಕಡೆಯಿಂದ ಬಾಯಾರಿ ಬಂದವನಿರಬೇಕು. ಬುಡದಲ್ಲಿ ಮಾತ್ರ ಬಾಳೆ, ಖರ್ಜೂರದ ತೋಟಗಳಿವೆ. ಬೆಟ್ಟದ ಹೊಟ್ಟೆಯಿಂದ ಬರುವ ನೀರನ್ನು ಕಲ್ಲಿನ ಸಣ್ಣ ಕಾಲುವೆಯಲ್ಲಿ ತಂದು ತೋಟಕ್ಕೆ ತಿರುಗಿಸಿದ್ದಾರೆ. ತೊಣ್ಣೂರು ಕೆರೆಯ ತೂಬು ನೋಡಿದವರಿಗೆ ಅದರಲ್ಲಿ ಹೊಸದೇನೂ ಕಾಣದು. ಆದರೆ ಆ ಗೇಣಗಲದ ಕಾಲುವೆಯನ್ನು ನಂಬಿಕೊಂಡು ಒಂದು ಊರಿಗೆ ಊರೇ ಬದುಕಿದೆ ಎಂದು ಯೂಸುಫ್ ಹೇಳಿದಾಗ, ನಮ್ಮ ನಾಲೆಗಳಲ್ಲಿ ಸುಮ್ಮನೆ ಸೋರಿ ಹೋಗುವ ನೀರು ನೆನಪಾಗಿ ಮುಜುಗರವಾಯಿತು.

ಮೇಲಕ್ಕೆ ಹೋಗಲು ಸೈನ್ಯದವರ ಚೆಕ್‌ಪೋಸ್ಟು ದಾಟಬೇಕು. ಸಾಹೇಬರು ಬರೆಸಿಕೊಟ್ಟ ಅನುಮತಿ ಕೈಯಲ್ಲಿದ್ದರೂ ಸಿಪಾಯಿ ಬಿಡಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಒಂದು ರಾತ್ರಿಗೆ ಮಾತ್ರ ಅನುಮತಿ, ಅದೂ ನಾಳೆ ಕತ್ತಲಾಗುವುದರೊಳಗೆ ಇಳಿದುಬಿಡಬೇಕು, ಸೀರೆಯುಟ್ಟ ಈ ಹೆಂಗಸಿಗೆ ಅಲ್ಲೇನು ಕೆಲಸ ಎಂದು ತಿರುತಿರುಗಿ ಕೇಳಿದ. ಕೊನೆಗೆ ಯೂಸುಫ್ ಕೆಳಗಿಳಿದು ಅವನನ್ನು ಪಕ್ಕಕ್ಕೆ ಕರೆದು ಅರಬ್ಬಿಯಲ್ಲಿ ಏನೋ ಹೇಳಿದ. ಸಿಪಾಯಿ ಜೀಪಿನ ಹತ್ತಿರ ಬಂದು ಅಕ್ಕನನ್ನು ನೋಡಿದ. ಎದೆಯ ಮೇಲೆ ಕೈಯಿಟ್ಟು ತಲೆ ಬಗ್ಗಿಸಿ, ಅಡ್ಡಗೋಲನ್ನು ತಾನೇ ಎತ್ತಿದ.

ದಾರಿ ಎನ್ನುವುದು ಬರೀ ಮಾತಿಗೆ. ಅಕ್ಕ ಸೆರಗನ್ನು ತಲೆಯ ಮೇಲೆಳೆದುಕೊಂಡು ಕಣ್ಣು ಮುಚ್ಚಿದಳು. ಎರಡು ಸಲ ಜೀಪು ನಿಲ್ಲಿಸಿ ವಾಂತಿ ಮಾಡಿದಳು. ಒಂದು ತಿರುವಿನಲ್ಲಿ ಕೆಳಗೆ ಬಿಳಿ ಕಲ್ಲಿನ ಹರವು ಕಂಡಿತು. ಯೂಸುಫ್ ನನ್ನ ಮುಖ ನೋಡಿ ಸುಮ್ಮನೆ ತಲೆ ಆಡಿಸಿದ. ಮಂಜನನ್ನು ಒಯ್ದ ಹೊಳೆ ಅದೇ ಎಂದು ನನಗೆ ತಿಳಿಯಿತು. ಅಕ್ಕ ಕಣ್ಣು ತೆರೆಯದಿದ್ದದ್ದೇ ಒಳ್ಳೆಯದಾಯಿತು.

ಎತ್ತರ ಏರಿದಂತೆ ಒಣಗಿದ ಮರಗಳು ಕಂಡವು. ಸೊಟ್ಟ ಬೊಡ್ಡೆ, ನೂಲಿನಂತೆ ಸುಲಿಯುವ ತೊಗಟೆ, ತುದಿಯಲ್ಲಿ ಒಂದಿಷ್ಟೇ ಹಸಿರು. ಶಾಲೆಯ ಪುಸ್ತಕದಲ್ಲಿ ಸೂಚಿಪರ್ಣಿ ಎಂದು ಓದಿಸುತ್ತೇವಲ್ಲ, ಹಿಮದ ನಾಡಿನ ಆ ಜಾತಿಗೆ ಸೇರಿದ ಜೂನಿಪರ್ ಮರ ಇದು. ಈ ಬೆಂಗಾಡಿಗೆ ಯಾವ ಕಾಲದಲ್ಲಿ ಬಂದು ಸಿಕ್ಕಿಬಿತ್ತೋ.

"ಇವೆಲ್ಲ ಭಾರಿ ವಯಸ್ಸಾದವು ಮೇಷ್ಟ್ರೆ" ಎಂದ ಯೂಸುಫ್. "ದೊಡ್ಡೋವು ಇದಾವೆ, ಮರಿಗಳೇ ಇಲ್ಲ. ಕಾಯಿ ಬಿಡ್ತವೆ, ಹಕ್ಕಿ ತಿಂದು ಉದುರಿಸ್ತವೆ, ಎಲ್ಲೋ ಅಪರೂಪಕ್ಕೆ ಒಂದು ಮೊಳಕೆ ಬರ್ತದೆ. ಬಂದಿದ್ದು ಮೊದಲ್ನೇ ಬೇಸಿಗೆಗೇ ಖತಂ. ಉಳಿದಿದ್ನ ಆಡು ಕತ್ತೆ ಬಿಡಲ್ಲ. ಅಂಥಾ ಮರಿ ಎಲ್ಲಿದಾವೆ ಅಂತ ಹುಡುಕಿ ಕಾಯೋದೇ ನಮ್ಮ ಸಾಹೇಬ್ರ ಕೆಲ್ಸ. ಮಂಜಂಗೆ ಕಣ್ಣು ಭಾರಿ ಚುರುಕು. ಟ್ಯಾಂಕರ್ ನಿಲ್ಸಿ ನಿಲ್ಸಿ ಹುಡುಕ್ತಿದ್ದ."

ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಆ ಮುದಿ ಮರಗಳು ಬಂಡೆಗಳ ನಡುವೆ ಒಂಟೊಂಟಿಯಾಗಿ ನಿಂತಿದ್ದವು. ಹಿಂದೆ ಮುಂದೆ ಯಾರೂ ಇಲ್ಲ. ನನಗೆ ಆ ಬೆಟ್ಟ ಮೊದಲ ನೋಟಕ್ಕೇ ಬೇಡವೆನಿಸಿತು.

ಶಿಬಿರ

ಮಾರ್ಚ್ ತಿಂಗಳಾದರೂ ಮೇಲೆ ಚಳಿ ಇತ್ತು. ತಗಡಿನ ನಾಲ್ಕು ಮನೆ, ಒಂದು ನೀರಿನ ತೊಟ್ಟಿ. ಮಂಜ ಮಲಗುತ್ತಿದ್ದ ಮಂಚದ ಮೇಲೆ ಈಗ ಬೇರೆ ಯಾರದೋ ಹಾಸಿಗೆ ಇತ್ತು. ಅಕ್ಕ ಅದರ ಕಬ್ಬಿಣದ ಕಾಲನ್ನು ಒಮ್ಮೆ ಸವರಿ ಹೊರಗೆ ಬಂದಳು. "ಗಿಡ ಎಲ್ಲದಪ್ಪ?" ಎಂದಳು.

ಶಿಬಿರದ ಹಿಂದೆ ಸ್ವಲ್ಪ ದೂರ ನಡೆದು, ಇಳಿಜಾರಿನಲ್ಲಿ ಒಂದು ಪೊದೆಯ ಮುಂದೆ ಯೂಸುಫ್ ನಿಂತ. ಅಕ್ಕ ಪೊದೆಯ ಎಲೆ ಕಿತ್ತು ಉಜ್ಜಿ ಮೂಸಿ, ನನ್ನ ಕಡೆ ತಿರುಗಿದಳು.

"ಲೇ ಶಿವಣ್ಣ, ಇದು ನಮ್ಮ ಬಂದ್ರೆ ಕಣ್ಲಾ."

ನಿಜ. ಅದೇ ಉದ್ದನೆಯ ಎಲೆ, ಅದೇ ಅಂಟು, ಅದೇ ಕಹಿ ವಾಸನೆ. ಬೆಳ್ಳೂರಿನ ಕಲ್ಲುಗುಡ್ಡದ ಗಿಡ ಈ ಹೊರದೇಶದ ಬೆಟ್ಟದ ಮೇಲೆ ನಮಗಿಂತ ಮೊದಲೇ ಬಂದು ಕೂತಿತ್ತು. ಇಷ್ಟು ದೂರ ಬಂದು ಒಬ್ಬ ಪರಿಚಯದವನು ಸಿಕ್ಕ ಹಾಗಾಯಿತು. ಆದರೆ ಸಿಕ್ಕವನು ಊರಿನಲ್ಲಿ ಯಾರೂ ಲೆಕ್ಕಕ್ಕಿಡದವನು.

ಯೂಸುಫ್ ಬಗ್ಗಿ ಕೊಂಬೆಗಳನ್ನು ಸರಿಸಿ ತೋರಿಸಿದ. ಒಳಗೆ, ಪೊದೆಯ ಕತ್ತಲಲ್ಲಿ, ಗೇಣುದ್ದದ ಒಂದು ಜೂನಿಪರ್ ಸಸಿ. ನೆಟ್ಟಗೆ ನಿಂತಿತ್ತು. ಸುತ್ತ ಯಾರೋ ಕಲ್ಲು ಜೋಡಿಸಿದ್ದರು. ಆ ಯಾರೋ ಯಾರು ಎಂದು ಹೇಳಬೇಕಾಗಿರಲಿಲ್ಲ. ಅಕ್ಕ ಕೈ ಚಾಚಿ ಎಲೆ ಮುಟ್ಟಿ, ಹಿಂದಕ್ಕೆಳೆದುಕೊಂಡಳು.

"ಚುಚ್ಚತದೆ."

"ಎಳೇದಿದ್ದಾಗ ಅಂಗೇ ಅಮ್ಮ. ದೊಡ್ಡದಾದ್ಮೇಲೆ ಮೆತ್ತಗಾಗ್ತದೆ."

"ಅವ್ನೂ ಅಂಗೇ ಇದ್ದ" ಎಂದಳು ಅಕ್ಕ. ಅಲ್ಲೇ ಕುಸಿದು ಕೂತಳು. ಪೆಟ್ಟಿಗೆ ಬಂದಾಗ ಬಾರದ ಅಳು ಆಗ ಬಂತು. ನಾನೂ ಅತ್ತೆ. ಯೂಸುಫ್ ದೂರ ಹೋಗಿ ನಮಗೆ ಬೆನ್ನು ಮಾಡಿ ನಿಂತ. ಆ ಸಂಜೆ ಶಿಬಿರಕ್ಕೆ ಮರಳುವಾಗ ಅಕ್ಕನ ನಡಿಗೆ ಹಗುರವಾಗಿತ್ತು. ಬಂದದ್ದು ಸಾರ್ಥಕವಾಯಿತು ಎಂದುಕೊಂಡು ನಾನು ಕಂಬಳಿ ಹೊದ್ದು ಮಲಗಿದೆ.

ಮರುದಿನ

ಬೆಳಗ್ಗೆ ಎದ್ದಾಗ ಅಕ್ಕ ಇರಲಿಲ್ಲ. ಬಾಗಿಲ ಬಳಿ ಇಟ್ಟಿದ್ದ ಮಚ್ಚು ಇರಲಿಲ್ಲ. ಅವಳ ಗಂಟು ಬಿಚ್ಚಿ ಬಿದ್ದಿತ್ತು.

ನಾನೂ ಯೂಸುಫನೂ ಇಳಿಜಾರಿಗೆ ಹೋದೆವು. ದೂರದಿಂದಲೇ ಕಂಡಿತು. ಪೊದೆ ಇದ್ದ ಜಾಗದಲ್ಲಿ ಬಯಲು. ಕಡಿದ ಬಂದರೆಯನ್ನು ಅಕ್ಕ ನೀಟಾಗಿ ಒಂದು ಹೊರೆ ಕಟ್ಟಿ ಪಕ್ಕಕ್ಕಿಟ್ಟಿದ್ದಳು. ಬೊಡ್ಡೆಗಳನ್ನು ಬೇರುಸಹಿತ ಮೀಟಿ ತೆಗೆದಿದ್ದಳು. ಸಸಿಯ ಬುಡದ ಮಣ್ಣು ಕೆದಕಿ ಸಡಿಲಿಸಿ, ದುಂಡಗೆ ಪಾತಿ ಕಟ್ಟಿ, ಮಂಜನ ಕಲ್ಲುಗಳನ್ನು ಪಾತಿಯ ಅಂಚಿಗೆ ಜೋಡಿಸಿದ್ದಳು. ಒಂದು ಕಲ್ಲಿಗೆ ಕುಂಕುಮ. ಹೇಮಾವತಿಯ ಬಾಟ್ಲಿ ಖಾಲಿಯಾಗಿತ್ತು. ಅದು ಸಾಲದೆಂದು ತೊಟ್ಟಿಯಿಂದ ಎರಡು ಬಕೆಟ್ಟು ಹೊತ್ತು ತಂದು ಹೊಯ್ದಿದ್ದಳು. ಬೆಳಗಿನ ಬಿಸಿಲಿನಲ್ಲಿ ಪುಟ್ಟ ಸಸಿ ಒದ್ದೆಯಾಗಿ, ಒಂಟಿಯಾಗಿ ನಿಂತಿತ್ತು. ನಮ್ಮ ಕಡೆಯ ಯಾವ ಹೆಂಗಸು ನೋಡಿದರೂ ಎಂಥ ಚೊಕ್ಕ ಕೆಲಸ ಎನ್ನುತ್ತಿದ್ದಳು. ಅಕ್ಕನ ಮುಖದಲ್ಲಿ ವರ್ಷದಿಂದ ಕಾಣದಿದ್ದ ಕಳೆ ಇತ್ತು.

"ಕಳೆ ಒಳ್ಗೆ ಉಸ್ರು ಕಟ್ಕಂಡಿತ್ತು ಕಣಪ್ಪ" ಎಂದಳು ಯೂಸುಫನಿಗೆ. "ಈಗ ನೋಡು, ಎಂಗೆ ಬತ್ತದೆ."

ಯೂಸುಫ್ ಹತ್ತಿರ ಬಂದ. ಮಂಡಿಯೂರಿ ಕೂತು ಕೆದಕಿದ ಮಣ್ಣನ್ನು ಅಂಗೈಯಲ್ಲಿ ತೆಗೆದುಕೊಂಡ. ಅದರಲ್ಲಿ ಕೂದಲಿನಂಥ ಬೇರಿನ ತುಂಡುಗಳಿದ್ದವು. "ಯಾ ಅಲ್ಲಾ" ಎಂದ, ಅದೂ ಬಾಯೊಳಗೆ.

"ಏನಾಯ್ತಪ್ಪ?"

ಹೇಳಬೇಕೋ ಬೇಡವೋ ಎಂದು ಅವನು ನನ್ನ ಕಡೆ ನೋಡಿದ. ಆಮೇಲೆ ಅವನು ಮೆಲ್ಲಗೆ, ನೆಲ ನೋಡಿಕೊಂಡೇ ಹೇಳಿದ.

"ಆ ಬಂದ್ರೆ ಒಳ್ಗೆ ಇತ್ತು ಅಂತ್ಲೇ ಅದು ಬದುಕಿತ್ತು ಅಮ್ಮ. ಬಯಲಾಗೆ ಒಂದೂ ಉಳಿಯಲ್ಲ. ಬಂದ್ರೆ ನೆಳ್ಳು ಕೊಡ್ತದೆ, ಮಣ್ಣು ತಂಪಾಗಿ ಮಡಗ್ತದೆ, ಮಂಜು ಬಿದ್ರೆ ಅದ್ರ ಎಲೆ ಮೇಲಿಂದ ಹನಿ ಇಳೀತದೆ. ಆಡು ಬಂದ್ರೆಗೆ ಬಾಯಿ ಹಾಕಲ್ಲ, ಅದ್ಕೇ ಒಳ್ಗಿರೋ ಮರೀನೂ ಅವಕ್ಕೆ ಸಿಗಲ್ಲ. ಅದು ಮೊದ್ಲು ಬೇರು ಕೆಳೀಕ್ಕೆ ಬಿಡ್ತದೆ, ಬಂಡೆ ಸಂದೀಲಿ ಎಲ್ಲಿ ತೇವ ಅದೆ ಅಂತ ಹುಡಿಕ್ಕಂಡು ಹೋಯ್ತದೆ. ಮೇಲೆ ಬೆಳೆಯೋದು ಆಮೇಲೆ. ಈ ಗೇಣುದ್ದ ಆಗಕ್ಕೆ ಹತ್ತು ವರ್ಷಾನೇ ಹಿಡಿದಿರ್ತದೆ ಅಂತಾರೆ ಸಾಹೇಬ್ರು."

"ಅತ್ತು ವರ್ಸಾ? ಮಂಜ ಬಂದು ನಾಕು ವರ್ಸ ಆಗಿತ್ತಲ್ಲಪ್ಪ. ಅವ್ನು ನೆಟ್ಟಿದ್ದಲ್ವಾ ಇದು?"

"ಹಕ್ಕಿ ನೆಟ್ಟಿದ್ದು ಅಮ್ಮ. ಅವ್ನು ಕಂಡಿದ್ದು."

"ನೀರು?"

"ಟ್ಯಾಂಕರ್ ತುಂಬ ನೀರಿಟ್ಕಂಡು ಇಲ್ಲಿ ಬಂದು ಕೂತ್ಕತ್ತಿದ್ದ. ಒಂದು ಲೋಟ ಹಾಕ್ತಿರ್ಲಿಲ್ಲ. ಹಾಕಿದ್ರೆ ಬೇರು ಮೇಲೇ ಉಳ್ಕತ್ತದೆ, ಆಸೆ ಬೀಳ್ತದೆ ಅಂತಿದ್ದ. ಕಲ್ಲು ಜೋಡಿಸ್ವಾಗ್ಲೂ ಅಷ್ಟೇ, ಗಿಡ ಮುಟ್ಟಲಿಲ್ಲ ಅಮ್ಮ. ಅವ್ನು ಅದನ್ನ ಮುಟ್ತಾನೇ ಇರ್ಲಿಲ್ಲ."

ಅಕ್ಕ ತನ್ನ ಕೈಗಳನ್ನು ನೋಡಿಕೊಂಡಳು. ಅಂಗೈಗೆ ಬಂದರೆಯ ಅಂಟು ಹತ್ತಿತ್ತು, ಉಗುರಿನಲ್ಲಿ ಕೆಂಪು ಮಣ್ಣು. ಮೂವತ್ತು ವರ್ಷ ಗದ್ದೆ ಸಾಕಿದ ಕೈ ಅದು. ಆ ಕೈಗೆ ಗೊತ್ತಿದ್ದ ಪ್ರೀತಿ ಅದೊಂದೇ.

ಯೂಸುಫ್ ಓಡಿ ಹೋಗಿ ಸಾಹೇಬರನ್ನು ಕರೆತಂದ. ಬಿಳಿ ನಿಲುವಂಗಿಯ, ಗಡ್ಡ ನೆರೆತ, ತೆಳ್ಳಗಿನ ಒಮಾನಿ ಮನುಷ್ಯ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಹೊರೆಯನ್ನು ನೋಡಿದರು, ಪಾತಿಯನ್ನು ನೋಡಿದರು, ಕುಂಕುಮದ ಕಲ್ಲನ್ನು ನೋಡಿದರು. ಹೊರೆ ಬಿಚ್ಚಿಸಿ, ಕಡಿದ ಕೊಂಬೆಗಳನ್ನೇ ಸಸಿಯ ಸುತ್ತ ಮಣ್ಣಿಗೆ ಚುಚ್ಚಿಸಿದರು. ಮೇಲೊಂದು ಗೋಣಿಚೀಲ ಹೊದಿಸಿ ನಾಲ್ಕು ಮೂಲೆಗೆ ಕಲ್ಲು ಹೇರಿಸಿದರು. ಬೆಟ್ಟದ ಕೆಳಗಿನ ನಿಜ್ವಾ ಪೇಟೆಯಿಂದ ನೆರಳಿನ ಬಲೆ ತರಿಸುತ್ತೇನೆ ಎಂದರು. ಬೆಟ್ಟದ ಗಾಳಿಗೆ ಚೀಲ ಆಗಲೇ ಪಟಪಟ ಬಡಿಯತೊಡಗಿತ್ತು.

"ಬದುಕ್ತದಾ ಕೇಳಪ್ಪ" ಎಂದಳು ಅಕ್ಕ.

ಯೂಸುಫ್ ಕೇಳಿದ. ಸಾಹೇಬರು ಬಹಳ ಹೊತ್ತು ಅರಬ್ಬಿಯಲ್ಲಿ ಮಾತಾಡಿದರು. ಯೂಸುಫ್ ಅದನ್ನೆಲ್ಲ ಕೇಳಿಕೊಂಡು, "ದೇವ್ರ ಇಚ್ಛೆ ಅಂತವ್ರೆ ಅಮ್ಮ" ಎಂದಷ್ಟೇ ಹೇಳಿದ. ನನ್ನ ಹರಕು ಇಂಗ್ಲಿಷಿನಲ್ಲಿ ಸಾಹೇಬರನ್ನು ಪಕ್ಕಕ್ಕೆ ಕರೆದು ನಾನೇ ಕೇಳಿದೆ. ಅವರು ಸುತ್ತಿ ಬಳಸಿ ಹೇಳಲಿಲ್ಲ. ಚುಚ್ಚಿದ ಕೊಂಬೆ ಎರಡು ದಿನಕ್ಕೆ ಒಣಗುತ್ತದೆ. ಬಲೆ ನೆರಳು ಕೊಡಬಹುದು, ಪೊದೆಯ ಬೇರಿನ ತಂಪು ಕೊಡಲಾರದು. ಪೊದೆ ಹೋದ ಕಡೆ ಮರಿ ಬೇಸಿಗೆ ದಾಟಿದ್ದನ್ನು ನಾನು ಕಂಡಿಲ್ಲ. ನಿಮ್ಮ ಅಕ್ಕನಿಗೆ ಹೇಳಬೇಡಿ ಎಂದರು.

ಹೇಳಬೇಕಾಗಿಯೇ ಇರಲಿಲ್ಲ. ನಾನು ತಿರುಗಿ ನೋಡಿದಾಗ ಗಾಳಿಗೆ ಹಾರಿದ ಗೋಣಿ ಇಳಿಜಾರಿನಲ್ಲಿ ಉರುಳುತ್ತಿತ್ತು. ಯೂಸುಫ್ ಅದರ ಹಿಂದೆ ಓಡಿದ್ದ. ಅಕ್ಕ ಸಸಿಯ ಮೂಡಣ ದಿಕ್ಕಿಗೆ, ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಅವಳ ನೆರಳು ಸಸಿಯ ಮೇಲೆ ಬಿದ್ದಿತ್ತು.

"ಏಳಕ್ಕ, ಒಳಕ್ಕೆ ಹೋಗಣ. ಅವರು ನೋಡ್ಕೋತಾರೆ."

"ನಾ ಎದ್ರೆ ಬಿಸ್ಲು ಬೀಳ್ತದೆ ಕಣ್ಲಾ."

ಯೂಸುಫ್ ಗೋಣಿ ತಂದ, ಅದನ್ನು ಪಕ್ಕಕ್ಕಿಡಲು ಹೇಳಿದಳು. ಊಟಕ್ಕೆ ಕರೆದೆ, ಬರಲಿಲ್ಲ. ಬಿಸಿಲು ತಿರುಗಿದ ಹಾಗೆ ಅವಳೂ ಕುಕ್ಕರಗಾಲಿನಲ್ಲೇ ಒಂದಿಷ್ಟಿಷ್ಟು ಸರಿಯುತ್ತಿದ್ದಳು. ಹೊತ್ತು ನೆತ್ತಿಗೆ ಬಂದು ನೆರಳು ಸಾಲದಾದಾಗ ಮುಂದಕ್ಕೆ ಬಾಗಿ, ಸೆರಗನ್ನು ಎರಡು ಕೈಯಲ್ಲಿ ಹಿಡಿದು ಸಸಿಯ ಮೇಲೆ ಚಪ್ಪರ ಮಾಡಿದಳು. ನಾನು ಒಂದು ತುದಿ ಹಿಡಿದುಕೊಳ್ಳಲು ಹೋದೆ. ಬೇಡವೆಂದು ತಲೆ ಆಡಿಸಿದಳು. ನನಗೆ ಕೈ ಕಟ್ಟಿ ಹಾಕಿದ ಹಾಗಾಗಿ ಅಲ್ಲೇ ಒಂದು ಬಂಡೆಯ ಮೇಲೆ ಕೂತೆ. ಇವಳನ್ನು ಇಲ್ಲಿಗೆ ಕರೆತರಬಾರದಿತ್ತು ಅನ್ನಿಸಿತು. ಕರೆತರದಿದ್ದರೆ ಊರಿನಲ್ಲಿ ಅವಳ ಪಾಲಿಗೆ ಈ ಗಿಡ ಹಸಿರಾಗಿಯೇ ಇರುತ್ತಿತ್ತು.

ಮಧ್ಯಾಹ್ನ ಸಾಹೇಬರು ಒಂದು ಹೂಜಿಯಲ್ಲಿ ಕಾಫಿ, ತಟ್ಟೆಯಲ್ಲಿ ಖರ್ಜೂರ ತಂದು ಅವಳೆದುರು ಬಿಸಿಲಿನಲ್ಲೇ ನೆಲದ ಮೇಲೆ ಕೂತರು. ಸಾವಿನ ಮನೆಗೆ ಹೋದರೆ ಅಲ್ಲಿ ಹೀಗೆಯೇ ಸುಮ್ಮನೆ ಕೂರುತ್ತಾರಂತೆ. ಪುಟ್ಟ ಬಟ್ಟಲಿಗೆ ಕಾಫಿ ಹೊಯ್ದು ಅಕ್ಕನಿಗೆ ಕೊಟ್ಟರು. ಅವಳು ಒಂದು ಕೈಯಲ್ಲಿ ಸೆರಗು ಹಿಡಿದೇ ಕುಡಿದಳು. ಸಾಕೆನ್ನಲು ಬಟ್ಟಲನ್ನು ಅಲ್ಲಾಡಿಸಬೇಕಂತೆ. ಅವಳಿಗೆ ಗೊತ್ತಿಲ್ಲ, ಅವರು ಹೊಯ್ಯುತ್ತಲೇ ಹೋದರು, ಇವಳು ಕುಡಿಯುತ್ತಲೇ ಹೋದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಹೂಜಿ ಮುಗಿದಾಗ ಸಾಹೇಬರು ಎದ್ದು, ಎದೆಯ ಮೇಲೆ ಕೈಯಿಟ್ಟುಕೊಂಡು ಹೋದರು.

ಇಳಿಯುವ ಹೊತ್ತಾಯಿತು. ಚೆಕ್‌ಪೋಸ್ಟಿನ ಗಡುವು ನೆನಪಿಸುತ್ತ ಯೂಸುಫ್ ಎರಡು ಸಲ ಬಂದು ಹೋದ. ಅಕ್ಕ ಈಗ ಪಡುವಣಕ್ಕೆ ಕೂತಿದ್ದಳು. "ಬಿಸ್ಲು ಇನ್ನೂ ಅದೆ" ಎಂದಳು ಎರಡು ಸಲವೂ. ಸೂರ್ಯ ಎದುರಿನ ಬೆಟ್ಟದ ಹಿಂದಕ್ಕೆ ಹೋಗಿ ಇಳಿಜಾರಿಗೆಲ್ಲ ಒಂದೇ ನೆರಳು ಬಿದ್ದ ಮೇಲೆ ಅವಳು ಏಳಲು ನೋಡಿದಳು. ಕಾಲು ಜೋಮು ಹಿಡಿದಿತ್ತು. ನಾವಿಬ್ಬರೂ ರೆಟ್ಟೆ ಹಿಡಿದು ಎತ್ತಿದೆವು.

ಜೀಪಿನ ಹತ್ತಿರ ಬಂದವಳು ಹತ್ತದೆ ನಿಂತಳು. ಬೆಳಗ್ಗೆ ಬಿಸಿಲು ಯಾವ ಬಂಡೆಯ ಕಡೆಯಿಂದ ಬರುತ್ತದೆ, ನೆತ್ತಿಗೆ ಬಂದಾಗ ಎಲ್ಲಿ ಬಾಗಬೇಕು, ಸಂಜೆಗೆ ಎಲ್ಲಿಗೆ ಸರಿಯಬೇಕು ಎಂದು ಯೂಸುಫನಿಗೆ ಕೈಯಲ್ಲಿ ತೋರಿಸಿ ತೋರಿಸಿ ಹೇಳಿದಳು. ಅವನ ಕೆಲಸ ಕೆಳಗೆ ಮಸ್ಕತ್ತಿನಲ್ಲಿ, ಮರುದಿನ ಹೊತ್ತು ಮೂಡುವ ಮುಂಚೆ ಗ್ಯಾರೇಜಿನಲ್ಲಿರಬೇಕು. ಅದು ಅವಳಿಗೂ ಗೊತ್ತಿತ್ತು.

"ನಾಳಿಕ್ಕೆ ನೀ ಕೂತ್ಕತೀಯೇನಪ್ಪ?" ಎಂದಳು.

"ಕೂತ್ಕತೀನಿ ಅಮ್ಮ" ಎಂದ ಯೂಸುಫ್.